‘ಸದ್ಯಃ’ ಎಂಬ ಪದವೂ ಆರೋಪಿತನ ಉತ್ತರವೂ: ಮಿತಾಕ್ಷರೆಯ ಒಂದು ವ್ಯಾಖ್ಯಾನವಾಕ್ಯದ ವಿಚಾರ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ 12ನೆಯ ಶ್ಲೋಕವನ್ನು ಮುಂದಿಟ್ಟುಕೊಂಡು, ಸ್ತ್ರೀವಿಷಯಕವಾದ ಅಪರಾಧದ ಶಂಕೆಗೆ ಗುರಿಯಾದವನಿಗೆ ನಮ್ಮ ಪ್ರಾಚೀನರು ಪ್ರತಿವಾದದ ಅವಕಾಶವನ್ನೇ ಕೊಟ್ಟಿರಲಿಲ್ಲವೆಂದೂ, ಆರೋಪಿತನ ಹಕ್ಕೆಂಬುದು ಆಂಗ್ಲರ ಹಡಗಿನಲ್ಲಿ ಬಂದಿಳಿದ ಸರಕೆಂದೂ ನಮ್ಮ ಸೀಮೆಯ ಹಿರಿಯ ವಿದ್ವಾಂಸರೊಬ್ಬರು ಬಹುಕಾಲದ ಹಿಂದೆ ಬರೆದುದನ್ನು ಈಚಿನವರು ಮೂಲವನ್ನು ತೆರೆದು ನೋಡದೆಯೆ ಪುನರುಚ್ಚರಿಸುತ್ತ ಬಂದಿರುವರು. ಆ ಹಿರಿಯರು ನನಗೆ ಗುರುಸಮಾನರು. ಅವರ ಶಾಸನವಾಚನದ ಋಣ ನನ್ನ ಮೇಲಿದೆ. ಆದರೆ ಅವರ ಈ ಒಂದು ವಾಕ್ಯವು ನಮ್ಮ ಕಡೆಯ ಕಟಕೋಳದ ಕಟ್ಟೆಯವರೆಗೂ ಇಳಿದುಬಂದು, “ತಪ್ಪ ಮಾಡದಿದ್ರ ಮಾತಾಡಾಕ ಏನ ಅಂಜಿಕಿ?” ಎಂಬ ಲೋಕೋಕ್ತಿಗೆ ಶಾಸ್ತ್ರದ ಆಸರೆಯನ್ನು ಒದಗಿಸುತ್ತಿರುವಾಗ ಸುಮ್ಮನಿರುವುದು ಗುರುಭಕ್ತಿಯಾಗದು.

ತಪ್ಪಿನ ಬೇರು ಎಲ್ಲಿದೆಯೆಂಬುದನ್ನು ಊಹಿಸುವುದು ಕಷ್ಟವಲ್ಲ. 1810ರಲ್ಲಿ ಕೋಲ್‌ಬ್ರೂಕನು ಆ ಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯ ದಾಯವಿಭಾಗವನ್ನು ಮಾತ್ರ ಆಂಗ್ಲಭಾಷೆಗೆ ತಂದನಾದುದರಿಂದ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ರಚಿತವಾದ ಈ ಮಹಾಗ್ರಂಥವು ನ್ಯಾಯಾಲಯಗಳಲ್ಲಿ ಆಸ್ತಿ ಹಂಚುವ ಕೈಪಿಡಿಯೆಂದೇ ಪ್ರಸಿದ್ಧವಾಗಿ, ಅದರ ದಂಡಪ್ರಕರಣಗಳು ಓದುಗರಿಲ್ಲದೆ ಉಳಿದುವು. ಹೂಲಿಯ ಶಾಸನಗಳನ್ನು ಅಕ್ಷರ ಬಿಡದೆ ಓದುವ ನಮ್ಮವರು ಅದೇ ಚಾಲುಕ್ಯರ ಕಾಲದ ಈ ವಿಚಾರವನ್ನು ಇನ್ನೊಬ್ಬರ ಅಡಿಟಿಪ್ಪಣಿಯಿಂದ ಎತ್ತಿಕೊಳ್ಳುತ್ತಾರೆ.

ಈಗ ಶ್ಲೋಕಕ್ಕೆ ಬರೋಣ. ಸಾಹಸ (ಬಲಪ್ರಯೋಗದ ಅಪರಾಧ), ಸ್ತೇಯ (ಕಳವು), ಪಾರುಷ್ಯ (ಬೈಗುಳ, ಹೊಡೆತ), ಗೋವು, ಅಭಿಶಾಪ (ಪಾತಕದ ಆರೋಪ), ಅತ್ಯಯ (ಪ್ರಾಣಧನಗಳ ಹಾನಿ), ಸ್ತ್ರೀ ಎಂಬ ವಿಷಯಗಳಲ್ಲಿ ಪ್ರತಿವಾದಿಯಿಂದ ‘ಸದ್ಯಃ’, ಎಂದರೆ ತತ್ಕ್ಷಣವೇ, ಉತ್ತರವನ್ನು ಪಡೆಯತಕ್ಕದ್ದು. ಉಳಿದುವುಗಳಲ್ಲಿ ಕಾಲಾವಕಾಶವು ಇಚ್ಛಾಧೀನವೆಂಬುದು ಅದರ ತಾತ್ಪರ್ಯ. ಹಿರಿಯರು ಇಲ್ಲಿಯ ‘ಸ್ತ್ರೀ’ ಶಬ್ದವನ್ನು ಸ್ತ್ರೀಸಂಬಂಧವಾದ ಸಮಸ್ತ ಅಪರಾಧಗಳಿಗೂ ಹರಡಿದರು. ಮಿತಾಕ್ಷರೆಯ ಕರ್ತೃವಾದ ವಿಜ್ಞಾನೇಶ್ವರನಾದರೋ ಆ ಶಬ್ದವನ್ನು ಎರಡಾಗಿ ಸೀಳಿ, ಕುಲಸ್ತ್ರೀಯ ವಿಷಯದಲ್ಲಿ ಚಾರಿತ್ರ್ಯದ ವಿವಾದ, ದಾಸಿಯ ವಿಷಯದಲ್ಲಿ ಸ್ವತ್ವದ ವಿವಾದ ಎಂದು ಸೀಮೆಯನ್ನು ಕಟ್ಟಿಬಿಟ್ಟಿದ್ದಾನೆ. ದಾಸಿಯನ್ನು ಸ್ವತ್ತೆಂದು ಎಣಿಸಿದ ಆ ಕಾಲದ ದೃಷ್ಟಿಯನ್ನು ನಾನು ಸಮರ್ಥಿಸುತ್ತಿಲ್ಲ. ಶಬ್ದದ ವ್ಯಾಪ್ತಿಯನ್ನಷ್ಟೇ ಅಳೆಯುತ್ತಿರುವೆನು. ‘ಸಾಹಸ’ವೆಂಬ ಇನ್ನೊಂದು ಬಾಗಿಲಿನಿಂದ ಬಲಾತ್ಕಾರವನ್ನು ಈ ಶ್ಲೋಕದೊಳಗೆ ತರಬಹುದೆಂದು ವಾದಿಸಿದರೆ, ಪರದಾರಾಭಿಮರ್ಶನವನ್ನು, ಎಂದರೆ ಪರಪತ್ನಿಯ ಮೇಲೆ ಕೈಮಾಡುವುದನ್ನು, ಸಾಹಸಗಳಲ್ಲಿ ಎಣಿಸಿದ ಸ್ಮೃತಿವಚನಗಳಿರುವುದರಿಂದ, ಅಷ್ಟರ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಆ ಬಾಗಿಲನ್ನು ಹಿರಿಯರು ತಟ್ಟಿಯೇ ಇಲ್ಲ.

ಒಪ್ಪಿದರೂ ಫಲವೇನು? ಒಡನೆ ಉತ್ತರಿಸಬೇಕೆಂಬುದರಿಂದ ಒಡನೆ ಒಪ್ಪಿಕೊಳ್ಳಬೇಕೆಂದಾಗದು. ಉತ್ತರವು ಸತ್ಯ, ಮಿಥ್ಯಾ, ಕಾರಣ, ಪೂರ್ವನ್ಯಾಯವೆಂದು ನಾಲ್ಕು ಬಗೆ; ಮಿಥ್ಯಾ ಎಂದರೆ ಆರೋಪವನ್ನು ಸಾರಾಸಗಟಾಗಿ ಅಲ್ಲಗಳೆಯುವುದು; ಹಾಗೆ ಅಲ್ಲಗಳೆದ ಕ್ಷಣದಲ್ಲಿ ಕ್ರಿಯೆಯ, ಎಂದರೆ ಪ್ರಮಾಣವನ್ನು ಒದಗಿಸುವ ಕಾರ್ಯದ, ಭಾರವು ಪೂರ್ವವಾದಿಯ ಹೆಗಲಿಗೆ ಏರುತ್ತದೆ. ಉತ್ತರವನ್ನು ಕೇಳುತ್ತಿದ್ದುದಾದರೂ ಸಭೆ; ಇಂದಿನ ಠಾಣೆಯ ಕೋಣೆಗೂ ಅದಕ್ಕೂ ಹೋಲಿಕೆಯಿಲ್ಲ. ‘ಸದ್ಯಃ’ ಎಂಬ ಎರಡಕ್ಷರದೊಳಗಿಂದ ಬಾಯಿಬಿಡಿಸುವ ಅಧಿಕಾರವನ್ನು ಹೊರತೆಗೆದವರು ಮುಂದಿನ ಪುಟವನ್ನು ಮಗುಚಲಿಲ್ಲವೆಂದೇ ತೋರುತ್ತದೆ.

ಇದಕ್ಕಿಂತಲೂ ಉಪೇಕ್ಷಿತವಾದುದು ಸ್ತ್ರೀಸಂಗ್ರಹಣ ಪ್ರಕರಣದ 283ನೆಯ ಶ್ಲೋಕ. ಸಂಗ್ರಹಣವೆಂಬುದು ಪರಸ್ತ್ರೀಸಮಾಗಮ, ಸ್ತ್ರೀಯ ಸಮ್ಮತಿಯನ್ನೇ ಮೂಲಪ್ರಶ್ನೆಯಾಗಿಸಿಕೊಂಡ ಇಂದಿನ ಅತ್ಯಾಚಾರದ ವ್ಯಾಖ್ಯೆಯೊಡನೆ ಅದನ್ನು ಬೆರೆಸಲಾಗದು. ಆದರೂ ಪ್ರಮಾಣದ ವಿಚಾರದಲ್ಲಿ ಅದು ಹೇಳುವುದನ್ನು ಗಮನಿಸಬೇಕು: ಪರಸ್ಪರ ಕೇಶಗ್ರಹಣ, ದೇಹದ ಮೇಲಿನ ‘ಸದ್ಯಃ’ ಚಿಹ್ನೆಗಳು, ಇಲ್ಲವೆ ಇಬ್ಬರ ಒಪ್ಪಿಗೆ. ಇಲ್ಲಿ ‘ಸದ್ಯಃ’ ಎಂಬುದು ಮನುಷ್ಯನ ನಾಲಗೆಯನ್ನು ಬಿಟ್ಟು ದೇಹದ ಗುರುತಿಗೆ ಅಂಟಿಕೊಂಡಿದೆ. ಒಪ್ಪಿಗೆಯಾದರೋ ‘ದ್ವಯೋಃ’, ಇಬ್ಬರದೂ ಆಗತಕ್ಕದ್ದು, ಹಿಡಿದು ತಂದ ಒಬ್ಬನದು ಸಾಲದು.

ದೇಹದ ಸಾಕ್ಷ್ಯಕ್ಕೂ ನಾಲಗೆಯ ಸಾಕ್ಷ್ಯಕ್ಕೂ ಇರುವ ಇದೇ ಭೇದವು ನಮ್ಮ ಕಾಲದಲ್ಲಿ ಬೇರೊಂದು ಬುನಾದಿಯ ಮೇಲೆ ಸ್ಥಿರಪಟ್ಟಿತು. (ಮಿತಾಕ್ಷರೆಯಿಂದ ಸಂವಿಧಾನಕ್ಕೆ ನೇರವಾದ ವಂಶಾವಳಿಯನ್ನು ಬರೆಯುವ ಮಿತ್ರರ ಉತ್ಸಾಹ ನನಗಿಲ್ಲ.) 1961ರ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಬೆರಳಚ್ಚು, ಕೈಬರಹದ ಮಾದರಿಗಳನ್ನು ಕೊಡುವುದು ಸಂವಿಧಾನದ 20(3)ನೆಯ ಅನುಚ್ಛೇದದ ಅರ್ಥದಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವುದಲ್ಲವೆಂದಿತು, 1978ರ ನಂದಿನಿ ಸತ್ಪಥಿ ತೀರ್ಪು ಮೌನದ ರಕ್ಷಣೆಯನ್ನು ಪೊಲೀಸ್ ವಿಚಾರಣೆಯ ಹಂತಕ್ಕೂ ವಿಸ್ತರಿಸಿತು. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರ ಮೇ 5ರಂದು, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ನಕ್ಷೆ ಇವನ್ನು ಸಮ್ಮತಿಯಿಲ್ಲದೆ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಇದನ್ನು ಅರೆಯಾಗಿ ಓದಿದ ಕೆಲವರು ‘ಸೆಲ್ವಿ ತೀರ್ಪಿನ ಬಳಿಕ ಯಾವ ಪರೀಕ್ಷೆಯೂ ಇಲ್ಲ’ ಎಂದು ಕಕ್ಷಿದಾರರಿಗೆ ಹೇಳುವುದನ್ನು ಕೇಳಿರುವೆನು. ಇದು ಹಿರಿಯರ ತಪ್ಪಿನ ತಲೆಕೆಳಗಾದ ರೂಪ. ಅತ್ಯಾಚಾರದ ಆರೋಪಿತನ ದೇಹಪರೀಕ್ಷೆಗೆಂದೇ 2006ರಲ್ಲಿ ಜಾರಿಗೆ ಬಂದ, ದಂಡ ಪ್ರಕ್ರಿಯಾ ಸಂಹಿತೆಯ 53ಎ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 52ನೆಯದಾಗಿ, ಅಗತ್ಯವಿದ್ದಷ್ಟು ಬಲಪ್ರಯೋಗದೊಡನೆ ಹಾಗೆಯೇ ಉಳಿದಿದೆ. ದೇಹವನ್ನು ಪರೀಕ್ಷೆಗೆ ಒಡ್ಡಲೇಬೇಕು. ತನ್ನನ್ನು ಸಿಲುಕಿಸುವ ಉತ್ತರವನ್ನು ಕೊಡಲೇಬೇಕೆಂದಿಲ್ಲ.

ಆದುದರಿಂದ ಕಟಕೋಳದ ಠಾಣೆಗೆ ಕರೆಸಲ್ಪಟ್ಟವನು ವಕೀಲನನ್ನು ಕೇಳಿದರೆ ಅದು ಅಪರಾಧದ ಲಕ್ಷಣವಲ್ಲ. ವಿಚಾರಣೆಯ ನಡುವೆ ತನ್ನ ವಕೀಲನನ್ನು ಕಾಣುವ ಹಕ್ಕನ್ನು ಬಂಧಿತನಿಗೆ ಅದೇ ಸುರಕ್ಷಾ ಸಂಹಿತೆಯ 38ನೆಯ ಕಲಮು ಕೊಟ್ಟಿದೆ. ಬಂಧಿಸಿದರೆ, ಪಯಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ನಿಲ್ಲಿಸತಕ್ಕದ್ದು. ನಿರೀಕ್ಷಣಾ ಜಾಮೀನಿಗೆ ಮೊದಲು ಜಿಲ್ಲೆಯ ಸತ್ರ ನ್ಯಾಯಾಲಯ, ಬಳಿಕ ಧಾರವಾಡದ ಪೀಠ. ಹದಿನಾರಕ್ಕೆ ಒಳಗಿನವಳ ಮೇಲಣ ಅತ್ಯಾಚಾರದಲ್ಲಿಯೂ ಹದಿನೆಂಟಕ್ಕೆ ಒಳಗಿನವಳ ಸಾಮೂಹಿಕ ಅತ್ಯಾಚಾರದಲ್ಲಿಯೂ ಆ ದಾರಿಯೂ ಮುಚ್ಚಿದೆ. ದೂರು ಕೊಟ್ಟವಳ ಮನೆಗೆ ರಾಜಿಗೆಂದು ಊರ ಹಿರಿಯರನ್ನು ಅಟ್ಟುವ ನಮ್ಮ ಕಡೆಯ ರೂಢಿಯಿದೆಯಲ್ಲ, ಅದು ಅವಳಿಗೆ ಅನ್ಯಾಯ, ಅವನಿಗೆ ಹೊಸದೊಂದು ಆರೋಪ. ಇನ್ನು ವೈದ್ಯನ ವರದಿ: 52ನೆಯ ಕಲಮಿನ ಮೇರೆಗೆ ಪರೀಕ್ಷೆಯು ಆರಂಭವಾದ ಹಾಗೂ ಮುಗಿದ ನಿಖರ ಸಮಯವನ್ನು ಅದರಲ್ಲಿ ಕಾಣಿಸಬೇಕು. ಯಾಜ್ಞವಲ್ಕ್ಯನ ಎರಡನೆಯ ‘ಸದ್ಯಃ’ ಈಗ ಗಡಿಯಾರದ ಅಂಕೆಯಾಗಿ ಆ ಹಾಳೆಯ ಮೇಲೆ ಕುಳಿತಿದೆ.