ಬರೆಯುವ ಬೆರಳುಗಳ ಚರಿತ್ರೆ

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಬರವಣಿಗೆ ಕಮ್ಮಟಕ್ಕೆ ಹೋಗಿದ್ದೆ. ಅಲ್ಲಿ ಎಂಟು ವಿದ್ಯಾರ್ಥಿಗಳ ಒಂದು ಗುಂಪು ತಮ್ಮ ಊರಿನ ಚರಿತ್ರೆಯನ್ನು ಇಂಟರ್‌ನೆಟ್ಟಿನ ಒಂದೇ ಪುಟದಲ್ಲಿ ಎಲ್ಲರೂ ಸೇರಿ ಬರೆಯುತ್ತಿತ್ತು. ಒಬ್ಬ ಬರೆದ ಸಾಲನ್ನು ಇನ್ನೊಬ್ಬಳು ತಿದ್ದುತ್ತಿದ್ದಳು, ಮತ್ತೊಬ್ಬ ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಿದ್ದ. ಗುಂಪಿನಲ್ಲಿದ್ದ ಒಬ್ಬ ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. ಊರಿನ ಹಳೆಯ ಸಂತೆಯ ಬಗ್ಗೆ ಅಜ್ಜಿಯಿಂದ ಕೇಳಿದ್ದನ್ನು ಅವಳು ಹೇಳುತ್ತ ಹೋದಳು, ಗೆಳತಿ ಬೆರಳಚ್ಚು ಮಾಡಿದಳು. ಸಂತೆ ಗುರುವಾರ ಸೇರುತ್ತಿತ್ತು ಎಂದು ಅವಳು ಹೇಳಿದ್ದಳು. ಯಾರೋ ಅದನ್ನು ಬುಧವಾರ ಎಂದು ತಿದ್ದಿದರು. ಸಂಜೆ ಗೆಳತಿ ಓದಿ ಹೇಳುವವರೆಗೆ ಅವಳಿಗೆ ಅದು ಗೊತ್ತೇ ಆಗಲಿಲ್ಲ. "ನಾನು ಹೇಳಿದ್ದನ್ನು ಇವರೆಲ್ಲ ತಿದ್ದಬಹುದು ಸಾರ್, ಇವರು ಬರೆದದ್ದನ್ನು ನಾನು ತಿದ್ದಲಾರೆ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗುಂಪಿನವರೆಲ್ಲ ಅವಳಿಗೆ ಸಹಾಯ ಮಾಡುತ್ತಿದ್ದೇವೆಂದೇ ನಂಬಿದ್ದರು. ನಾನೂ ಹಾಗೆಯೇ ನಂಬಿದ್ದೆ. ಆದರೆ ಓದಿ ಹೇಳಿಸಿಕೊಳ್ಳುವುದು ಬೇರೆ, ತಾನೇ ಬರೆಯುವುದು ಬೇರೆ. ಈ ವ್ಯತ್ಯಾಸಕ್ಕಾಗಿ ನಡೆದ ಹೋರಾಟಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವ್ಯಾಲೆಂಟಿನ್ ಆವಿ ಎಂಬ ಸಹೃದಯಿ ಪ್ಯಾರಿಸ್ಸಿನಲ್ಲಿ ಅಂಧ ಮಕ್ಕಳಿಗಾಗಿ ಶಾಲೆ ತೆರೆದ. ದಪ್ಪ ಕಾಗದದ ಮೇಲೆ ಮಾಮೂಲಿ ಫ್ರೆಂಚ್ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿಸಿದ. ಮಕ್ಕಳು ಬೆರಳಾಡಿಸಿ ಒಂದೊಂದೇ ಅಕ್ಷರವನ್ನು ಗುರುತಿಸಿ ಓದಬೇಕಿತ್ತು. ಪುಸ್ತಕಗಳು ಹೊರಲಾರದಷ್ಟು ಭಾರ, ಓದು ಬಹಳ ನಿಧಾನ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆ ಅಕ್ಷರಗಳನ್ನು ಮಕ್ಕಳು ತಾವೇ ಬರೆದು ಮತ್ತೆ ಓದಿಕೊಳ್ಳುವಂತಿರಲಿಲ್ಲ. ಕಣ್ಣಿದ್ದವರು ಕಣ್ಣಿದ್ದವರ ಅಕ್ಷರವನ್ನೇ ದಾನ ಮಾಡಿದ್ದರು.

1819ರಲ್ಲಿ ಆ ಶಾಲೆಗೆ ಕುಪ್ವ್ರೇ ಎಂಬ ಹಳ್ಳಿಯಿಂದ ಹತ್ತು ವರ್ಷದ ಹುಡುಗನೊಬ್ಬ ಬಂದು ಸೇರಿದ. ಅವನೇ ಲೂಯಿ ಬ್ರೈಲ್. ಅವನ ತಂದೆ ಕುದುರೆಗಳಿಗೆ ಜೀನು ಹೊಲಿಯುವವರು. ಮೂರನೆಯ ವಯಸ್ಸಿನಲ್ಲಿ ತಂದೆಯ ಸಲಕರಣೆಯೊಂದು ತಗುಲಿ ಒಂದು ಕಣ್ಣು ಹೋಗಿತ್ತು. ಸೋಂಕು ಹರಡಿ ಇನ್ನೊಂದೂ ಹೋಯಿತು. ಚಾರ್ಲ್ಸ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿ ಹನ್ನೆರಡು ಚುಕ್ಕೆಗಳ ಒಂದು ಲಿಪಿಯನ್ನು ಆ ಶಾಲೆಗೆ ಪರಿಚಯಿಸಿದ್ದ. ಅದು ಸದ್ದನ್ನಷ್ಟೇ ಹಿಡಿಯುತ್ತಿತ್ತು, ಕಾಗುಣಿತ ಅದರಲ್ಲಿರಲಿಲ್ಲ. ಬ್ರೈಲ್ ಅದನ್ನು ಬೆರಳ ತುದಿಗೆ ಒಮ್ಮೆಗೇ ಸಿಗುವ ಆರು ಚುಕ್ಕೆಗಳಿಗೆ ಇಳಿಸಿದ. 1824ರ ಹೊತ್ತಿಗೆ, ಇನ್ನೂ ಹದಿನೈದು ವರ್ಷದವನಿದ್ದಾಗ, ಲಿಪಿ ಸಿದ್ಧವಾಗಿತ್ತು. 1829ರಲ್ಲಿ ಅದನ್ನು ಪ್ರಕಟಿಸಿದ.

ಈಗ ಒಂದು ಹಲಗೆ, ಒಂದು ಮೊಳೆ ಇದ್ದರೆ ಅಂಧ ವಿದ್ಯಾರ್ಥಿ ತಾನೇ ಬರೆಯಬಹುದಿತ್ತು, ಬರೆದದ್ದನ್ನು ಗೆಳೆಯನಿಗೆ ಕೊಡಬಹುದಿತ್ತು. ಇದು ಆಡಳಿತಕ್ಕೆ ಹಿಡಿಸಲಿಲ್ಲ. ಕಣ್ಣಿದ್ದ ಅಧ್ಯಾಪಕರಿಗೆ ಓದಲು ಬಾರದ ಲಿಪಿ ಶಾಲೆಗೇಕೆ ಎಂಬ ವಾದ ಹುಟ್ಟಿತು. 1840ರ ದಶಕದ ಆರಂಭದಲ್ಲಿ ಶಾಲೆಯ ಮುಖ್ಯಸ್ಥ ಅದನ್ನು ನಿಷೇಧಿಸಿದ. ಮಕ್ಕಳು ಕದ್ದು ಬರೆದರು, ಒಬ್ಬರಿಗೊಬ್ಬರು ಕಲಿಸಿದರು. ಕೊನೆಗೆ ಶಾಲೆಯೇ ಮಣಿಯಿತು. 1852ರಲ್ಲಿ ಬ್ರೈಲ್ ತೀರಿಕೊಂಡ. ಎರಡು ವರ್ಷಗಳ ನಂತರ, 1854ರಲ್ಲಿ, ಫ್ರಾನ್ಸ್ ಅವನ ಲಿಪಿಗೆ ಅಧಿಕೃತ ಮನ್ನಣೆ ಕೊಟ್ಟಿತು.

ಈ ಲಿಪಿ ನಮ್ಮಲ್ಲಿಗೂ ಬಂತು. ಒಂದೊಂದು ಭಾಷೆಗೆ ಒಂದೊಂದು ಪದ್ಧತಿ ಬೆಳೆದು ಗೊಂದಲವಾದಾಗ, 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಿತು. ನಾನು ಉರ್ದುವನ್ನು ಬಲದಿಂದ ಎಡಕ್ಕೂ ಕನ್ನಡವನ್ನು ಎಡದಿಂದ ಬಲಕ್ಕೂ ಬರೆಯಲು ಕಲಿತವನು. ಎರಡೂ ಬೇರೆ ಬೇರೆ ಲೋಕಗಳೆಂದು ಎಳವೆಯಿಂದ ಕೇಳಿಸಿಕೊಂಡವನು. ಬ್ರೈಲಿನಲ್ಲಿ ಕನ್ನಡದ 'ಕ'ಕಾರಕ್ಕೂ ಉರ್ದುವಿನ ಕಾಫ್‌ಗೂ ಇರುವುದು ಅವೇ ಎರಡು ಚುಕ್ಕೆ. ಉರ್ದುವನ್ನೂ ಅಲ್ಲಿ ಎಡದಿಂದ ಬಲಕ್ಕೇ ಓದುತ್ತಾರೆ. ಮೊಳೆಯಿಂದ ಬರೆಯುವಾಗ ಮಾತ್ರ, ಕಾಗದದ ಹಿಂಬದಿಯಿಂದ ಚುಚ್ಚಬೇಕಾದ್ದರಿಂದ, ಕನ್ನಡವನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಇದೇ ಕಥೆ ಮತ್ತೊಮ್ಮೆ ನಡೆಯಿತು. 1990ರಲ್ಲಿ ಟಿಮ್ ಬರ್ನರ್ಸ್-ಲೀ ರಚಿಸಿದ ಮೊದಲ ವೆಬ್ ಬ್ರೌಸರಿನಲ್ಲಿ ಓದುವುದರ ಜೊತೆಗೆ ಬರೆಯುವುದಕ್ಕೂ ಅವಕಾಶವಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರುಗಳು ಓದುವುದಕ್ಕಷ್ಟೇ ಇದ್ದವು. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದಾಗ ಯಾರು ಬೇಕಾದರೂ ಪುಟವನ್ನು ತಿದ್ದುವ ದಾರಿ ಮರಳಿ ಬಂತು. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ.

ಅಂಗವಿಕಲರಿಗೂ ವೆಬ್ ಎಟುಕಬೇಕೆಂದು ವೆಬ್ ಒಕ್ಕೂಟ 1999ರಲ್ಲಿ ಮೊದಲ ಸೂತ್ರಗಳನ್ನು ಹೊರತಂದಿತು. ಚಿತ್ರಕ್ಕೆ ಮಾತಿನ ವಿವರಣೆ ಇರಲಿ, ಮೌಸ್ ಹಿಡಿಯಲಾರದವರಿಗೆ ಕೀಲಿಮಣೆ ಸಾಕಾಗಲಿ ಎಂಬಂಥವು ಅವು. ಮರುವರ್ಷ, 2000ದಲ್ಲಿ, ಬರೆಯುವ ಸಾಧನಗಳಿಗೂ ಪ್ರತ್ಯೇಕ ಸೂತ್ರಗಳು ಬಂದವು. ಓದುವವನಷ್ಟೇ ಅಲ್ಲ, ಬರೆಯುವವನೂ ಅಂಗವಿಕಲನಿರಬಹುದು ಎಂದು ಅವು ಒಪ್ಪಿಕೊಂಡವು. ಮೊದಲನೆಯ ಸೂತ್ರಗಳು ಹೆಸರಾದವು, ಎರಡನೆಯವನ್ನು ಕೇಳಿದವರು ಕಡಿಮೆ. ಪ್ಯಾರಿಸ್ಸಿನ ಹಳೆಯ ಶಾಲೆಯ ಹಾಗೆಯೇ, ಓದಿಸಲು ಎಲ್ಲರೂ ಸಿದ್ಧ, ಬರೆಸಲು ಹಿಂಜರಿಕೆ.

ಇದರ ಪೆಟ್ಟು ತಗಲಿದ್ದು ವಿದ್ಯಾರ್ಥಿಗಳಿಗೆ. ಅಮೆರಿಕದ ವಿಶ್ವವಿದ್ಯಾಲಯಗಳು ಮಿಂಚಂಚೆ, ಕ್ಯಾಲೆಂಡರ್, ಒಟ್ಟಾಗಿ ಬರೆಯುವ ಪುಟಗಳಿಗೆಲ್ಲ ಗೂಗಲ್ ಆಪ್ಸ್ ಬಳಸತೊಡಗಿದ್ದವು. ಅಂಧರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲಿರುವ ಪ್ರತಿಯೊಂದರ ಹೆಸರನ್ನೂ ಅದು ಓದಿ ಹೇಳುತ್ತದೆ. ಗುಂಡಿಗೆ ಹೆಸರಿಡದಿದ್ದರೆ ಬರೀ 'ಬಟನ್, ಬಟನ್' ಎನ್ನುತ್ತದೆ. ಹಲವರು ಒಮ್ಮೆಗೇ ಬರೆಯುವ ಪುಟದಲ್ಲಿ ತೊಂದರೆ ಇನ್ನೂ ಹೆಚ್ಚು. ಗೆಳೆಯ ಒಂದು ಸಾಲು ಅಳಿಸಿದ್ದು ಕಣ್ಣಿಗೆ ಕಾಣುತ್ತದೆ. ಕಿವಿಗೆ, ಅದನ್ನು ಸಾರುವಂತೆ ಪುಟವನ್ನು ಕಟ್ಟದಿದ್ದರೆ, ಏನೂ ತಿಳಿಯುವುದಿಲ್ಲ. 2011ರ ಮಾರ್ಚಿನಲ್ಲಿ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟವು ನ್ಯೂಯಾರ್ಕ್ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳ ಮೇಲೆ ನ್ಯಾಯ ಇಲಾಖೆಗೆ ದೂರು ಕೊಟ್ಟಿತು. ಒಂದು ವರ್ಗದ ವಿದ್ಯಾರ್ಥಿಗಳು ಬಳಸಲಾಗದ ಸಾಧನವನ್ನು ಕಲಿಕೆಗೆ ಆರಿಸಿದ್ದೇ ತಾರತಮ್ಯ ಎಂಬುದು ಅದರ ವಾದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್ ಸುಧಾರಣೆಗಳನ್ನು ಪ್ರಕಟಿಸಿತು. ಇಂದು ಅದರ ಪುಟಗಳಲ್ಲಿ ಜೊತೆಗಾರರು ಒಳಬಂದದ್ದನ್ನು, ಹೊರಹೋದದ್ದನ್ನು ಕೇಳಿ ತಿಳಿಯುವ ವ್ಯವಸ್ಥೆಯಿದೆ. ಕಿವುಡ ವಿದ್ಯಾರ್ಥಿಗಳದ್ದೂ ಇಂಥದೇ ಅನುಭವ. ಹಾರ್ವರ್ಡ್ ಮತ್ತು ಎಂಐಟಿ ಉಚಿತವಾಗಿ ಹಂಚಿದ ಪಾಠಗಳ ವಿಡಿಯೊಗಳಿಗೆ ಸರಿಯಾದ ಅಡಿಬರಹವಿಲ್ಲವೆಂದು 2015ರಲ್ಲಿ ಮೊಕದ್ದಮೆ ಹೂಡಬೇಕಾಯಿತು.

ಸ್ಕ್ರೀನ್ ರೀಡರ್ ಕೂಡ ಬಹುಕಾಲ ಉಳ್ಳವರ ಸೊತ್ತಾಗಿತ್ತು. ಹೆಸರುವಾಸಿ ತಂತ್ರಾಂಶದ ಬೆಲೆ ಸಾವಿರ ಡಾಲರಿನ ಆಸುಪಾಸು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಯುವಕ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಬರೆಯತೊಡಗಿದ. ಗೆಳೆಯ ಜೇಮ್ಸ್ ಟೆ ಜೊತೆಗೂಡಿದ. ಇಬ್ಬರೂ ಅಂಧರು. ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಎಳವೆಯಲ್ಲಿ ಭೇಟಿಯಾದವರು. ಬ್ರೈಲ್‌ನ ಹಾಗೆ ಇವರೂ ತಮಗೆ ಬೇಕಾದ್ದನ್ನು ತಾವೇ ಮಾಡಿಕೊಂಡು ಹಂಚಿದರು. ಇಂದು ಅದು ಕನ್ನಡವನ್ನೂ ಓದುತ್ತದೆ.

ಆದರೆ ಕನ್ನಡ ಅದಕ್ಕೆ ಓದಲು ಸಿಗಬೇಕಲ್ಲ! ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ನಾವು ವರ್ಷಗಟ್ಟಲೆ ಬರೆದದ್ದು ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಒಳಗೆ ಅದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಗೊಣಗಾಟವಾಗಿಸುತ್ತದೆ. ಉರ್ದು ಪತ್ರಿಕೆಗಳು ಪುಟಗಳನ್ನು ಚಿತ್ರಗಳಾಗಿ ಏರಿಸುತ್ತಿದ್ದವು. ಅಲ್ಲಿ ಗೊಣಗಾಟವೂ ಇಲ್ಲ, ಬರೀ ಮೌನ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗವಿತ್ತು. ನಾವೇ ಅದಕ್ಕೆ ಹೋಗಲು ತಡಮಾಡಿದೆವು. ನನ್ನ ಹಳೆಯ ಕಥೆಗಳೂ ಅಂಥ ಫಾಂಟುಗಳಲ್ಲೇ ಇವೆ. ಅವನ್ನು ಆ ಹುಡುಗಿ ಓದಲಾರಳು.

ಕಾನೂನು ಈಗ ಅವಳ ಪರವಾಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಮಾಹಿತಿ ತಂತ್ರಜ್ಞಾನವೂ ಅವರಿಗೆ ಎಟುಕಬೇಕೆನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆದರೆ ತರಗತಿಯಲ್ಲಿ ಯಾವ ಪುಟದಲ್ಲಿ ಬರೆಸಬೇಕೆಂದು ಆರಿಸುವವರು ಮೇಷ್ಟರು. ಮೌಸ್ ಇಲ್ಲದೆ ಇದರಲ್ಲಿ ಬರೆಯಬಹುದೇ? ಬೇರೆಯವರು ತಿದ್ದಿದ್ದು ಕೇಳಿಸುತ್ತದೆಯೇ? ಹಾಕಿದ ಚಿತ್ರಕ್ಕೆ ಎರಡು ಸಾಲಿನ ವಿವರಣೆ ಇದೆಯೇ? ಇದನ್ನು ಮೊದಲ ದಿನವೇ ಆ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷಿಸಿದರೆ ಅರ್ಧ ಗಂಟೆಯ ಕೆಲಸ. ಕಮ್ಮಟದ ದಿನ ನಾವ್ಯಾರೂ ಅದನ್ನು ಮಾಡಲಿಲ್ಲ.

ಗೆಳತಿ ಓದಿ ಹೇಳಿದ ಆ ಸಂಜೆ ಅವಳು ತಪ್ಪನ್ನು ತೋರಿಸಿದ್ದಳು. ಬದಲಾಯಿಸೋಣ ಎಂದು ಎಲ್ಲರೂ ಒಪ್ಪಿದರು, ಆಮೇಲೆ ಮರೆತರು. ಆ ವರ್ಷದ ಕಾಲೇಜು ಸಂಚಿಕೆಯಲ್ಲಿ ಆ ಊರಿನ ಸಂತೆ ಬುಧವಾರವೇ ಸೇರಿದೆ.