ಪೇಟಿಯಿಂದ ಕ್ಯಾಸಿಯೋವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಜಾತ್ರೆ ಹಬ್ಬಗಳಿಗೆ ಅಚ್ಚಾಗುವ ನಾಟಕದ ಕರಪತ್ರಗಳನ್ನು ಗಮನಿಸಿದವರಿಗೆ ಒಂದು ಬದಲಾವಣೆ ಕಂಡಿರುತ್ತದೆ. ಪಾತ್ರಧಾರಿಗಳ ಪಟ್ಟಿಯ ಕೆಳಗೆ ಹಿಂದೆ ಹಾರ್ಮೋನಿಯಂ ಮಾಸ್ತರರ ಹೆಸರು, ತಬಲಾದವರ ಹೆಸರು ಇರುತ್ತಿದ್ದವು. ಆಮೇಲೆ ‘ಕ್ಯಾಸಿಯೋ’ ಎಂಬ ಸಾಲೊಂದು ಸೇರಿತು. ಅದು ಜಪಾನಿನ ಒಂದು ಕಂಪನಿಯ ಹೆಸರು. ವನಸ್ಪತಿಯೆಲ್ಲ ಡಾಲ್ಡಾ ಆದಂತೆ, ನಮ್ಮಲ್ಲಿ ಯಾವ ಕಂಪನಿಯ ಕೀಬೋರ್ಡಾದರೂ ಕ್ಯಾಸಿಯೋ ಎಂದೇ ಕರೆಸಿಕೊಂಡಿತು.

ಅದಕ್ಕೂ ಮೊದಲು ಹೊರಗಿನಿಂದ ಬಂದು ನಮ್ಮದೇ ಆದ ವಾದ್ಯ ಪೇಟಿ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಎಂಬಾತ 1842ರಲ್ಲಿ ಹಾರ್ಮೋನಿಯಮ್ಮಿಗೆ ಹಕ್ಕುಪತ್ರ ಪಡೆದ. ಅದು ಕಾಲಿನಿಂದ ತಿದಿ ಒತ್ತುವ, ಮೇಜಿನಷ್ಟು ದೊಡ್ಡ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಆ ಶತಮಾನದ ಉತ್ತರಾರ್ಧದಲ್ಲಿ ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದರಲ್ಲಿ ನುಡಿಸುವಂತೆ ಮಾಡಿದರು. ನಾಟಕ ಕಂಪನಿಗಳು ಕಾಲು ಹಾರ್ಮೋನಿಯಮ್ಮನ್ನೇ ಬಹುಕಾಲ ಉಳಿಸಿಕೊಂಡವು; ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಅದರ ನಾದ ಡೇರೆಯ ಕೊನೆಯ ಸಾಲಿಗೂ ಮುಟ್ಟಬೇಕಿತ್ತು. ತುಂಗಭದ್ರೆಯ ಆಚೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಿತ್ತು. ಪಂಚಾಕ್ಷರ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಂಧ ಬಾಲಕರಿಗೆ ಸಂಗೀತವಿದ್ಯೆ ಕಲಿಸಿ ಅನ್ನದ ದಾರಿ ತೋರಿದರು. ಸ್ವತಃ ಪುಟ್ಟರಾಜರು ಹಾರ್ಮೋನಿಯಂ ನುಡಿಸುವುದರಲ್ಲಿ ನಿಷ್ಣಾತರಾಗಿದ್ದರು.

ಇಷ್ಟು ಜನಪ್ರಿಯವಾದ ವಾದ್ಯವನ್ನು ಆಕಾಶವಾಣಿಯು 1940ರ ಮಾರ್ಚ್ 1ರಿಂದ ನಿಷೇಧಿಸಿತೆಂದರೆ ಇಂದಿನವರಿಗೆ ಅಚ್ಚರಿಯಾಗಬಹುದು. ಆಕ್ಷೇಪಗಳು ಮುಖ್ಯವಾಗಿ ಎರಡು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ಗಮಕಗಳು ಅದರಲ್ಲಿ ಹೊರಡವು. ಎರಡನೆಯದಾಗಿ, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ್ದರಿಂದ ಅದರ ಸ್ವರಗಳು ನಮ್ಮ ಶ್ರುತಿಗೆ ಸರಿಯಾಗಿ ಕೂಡವು. ಪಾಶ್ಚಾತ್ಯ ಶ್ರುತಿಯ ಅರ್ಧಸ್ವರವನ್ನು 100 ಸೆಂಟ್ ಎಂದು ಎಣಿಸಿದರೆ, ಪೇಟಿಯ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರು. ರವೀಂದ್ರನಾಥ ಠಾಕೂರರೂ ಈ ವಾದ್ಯದ ವಿರೋಧಿಗಳೇ. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದಾಗಲೂ ನಿಷೇಧ ಜಾರಿಯಲ್ಲಿತ್ತು. ಅದು ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷ ರೇಡಿಯೋದಲ್ಲಿ ಸಲ್ಲದ ಪೇಟಿ ನಮ್ಮ ಊರುಗಳ ಅಟ್ಟದ ಮೇಲೆ ರಾತ್ರಿಯಿಡೀ ಸಲ್ಲುತ್ತಲೇ ಇತ್ತು. ಪಂಡಿತರ ವಾದ ಶಾಸ್ತ್ರದ ದೃಷ್ಟಿಯಿಂದ ಸುಳ್ಳಲ್ಲ. ಆದರೆ ಬಯಲಿನಲ್ಲಿ ನಿಂತು ಕಂದ ಹಾಡುವ ನಟನಿಗೆ ಆಧಾರವಾಗಿ ಬೇಕಾದದ್ದು ಪೇಟಿಯ ಗಟ್ಟಿ ಶ್ರುತಿ ಎಂಬುದನ್ನು ಅವರು ಕಾಣಲಿಲ್ಲವೆಂದೇ ನನ್ನ ಅಭಿಪ್ರಾಯ.

ಕ್ಯಾಸಿಯೋ ಕಂಪನಿಯ ಮೊದಲ ಕೀಬೋರ್ಡು ಹೊರಬಂದದ್ದು 1980ರಲ್ಲಿ. ಅದರಲ್ಲಿ 49 ಕೀಗಳು, 29 ವಾದ್ಯಗಳ ಧ್ವನಿ. ಆ ಕಾಲದ ಪಿಟೀಲು, ಕೊಳಲುಗಳೆಲ್ಲ ಅನುಕರಣೆಯವು. ನಿಜವಾದ ವಾದ್ಯದ ನಾದವನ್ನೇ ಮುದ್ರಿಸಿ, ಕೀ ಒತ್ತಿದಾಗ ಅದನ್ನು ಹೊರಡಿಸುವ ಕ್ರಮ ಅಗ್ಗದ ವಾದ್ಯಗಳಿಗೂ ಇಳಿದ ಮೇಲೆಯೇ ಕೊಳಲು ಕೊಳಲಿನಂತೆ ಕೇಳತೊಡಗಿತು. 1991ರಲ್ಲಿ ತಯಾರಕರೆಲ್ಲ ಒಪ್ಪಿ 128 ಧ್ವನಿಗಳ ಒಂದು ಸಾಮಾನ್ಯ ಪಟ್ಟಿ ಮಾಡಿಕೊಂಡರು. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆಯಿಲ್ಲ, ತಂಬೂರಿಯಿಲ್ಲ, ತಬಲಾ ಇಲ್ಲ. ಇಡೀ ಭಾರತಕ್ಕೆ ಮೂರೇ ಮೂರು ಸ್ಥಾನವೂ ಸಿಗಲಿಲ್ಲ! ತಬಲಾ, ತಂಬೂರಿಗಳನ್ನು ಸೇರಿಸಿದ ಭಾರತೀಯ ಮಾದರಿಗಳನ್ನು ಕ್ಯಾಸಿಯೋ, ಯಮಾಹಾ ಕಂಪನಿಗಳು ಮಾಡಿದ್ದು ಆಮೇಲೆ.

ಈಚೆಗೆ ಕೊಟ್ಟೂರಿನ ಹುಡುಗನೊಬ್ಬ ಬಂದಿದ್ದ. ಅವನ ಅಜ್ಜಿ ಹಿಂದೆ ಕಂಪನಿ ನಾಟಕಗಳಲ್ಲಿ ಹಾಡಿದವರು, ಈಗ ಎಂಬತ್ತು ದಾಟಿದ್ದಾರೆ. ಅವರ ರಂಗಗೀತೆಗಳನ್ನು ಮನೆಯಲ್ಲೇ ಧ್ವನಿಮುದ್ರಿಸಲು ಎಂಥ ಕೀಬೋರ್ಡು ಕೊಳ್ಳಬೇಕೆಂಬುದು ಅವನ ಪ್ರಶ್ನೆ. ಅಂಗಡಿಯವನು ನೂರಾರು ಧ್ವನಿಗಳಿರುವ, 61 ಕೀಗಳ ಮಾದರಿಯೊಂದನ್ನು ಹೊಗಳಿದ್ದನಂತೆ. ನಾನು ಅವನಿಗೆ ಪೇಟಿಯ ಲೆಕ್ಕ ಹೇಳಿದೆ. ಮೂರು, ಮೂರೂವರೆ ಸಪ್ತಕದ ಪೇಟಿಯಲ್ಲಿ ಕಂಪನಿಗಳ ಅಷ್ಟೂ ಹಾಡುಗಳು ನಡೆದಿವೆ. ನಾಲ್ಕು ಸಪ್ತಕದ 49 ಕೀಗಳು ಧಾರಾಳ. ಆದರೆ ಕೀಗಳು ಬೆರಳಿಗೆ ತಕ್ಕ ಅಗಲದವಾಗಿರಬೇಕು, ಒತ್ತಿದ ಬಲಕ್ಕೆ ತಕ್ಕಂತೆ ಧ್ವನಿ ಏರಿಳಿಯಬೇಕು. ಎಡಬದಿಯಲ್ಲಿ ಸ್ವರ ಬಾಗಿಸುವ ಚಕ್ರವಿದ್ದರೆ ಆಕಾಶವಾಣಿಯ ಮೊದಲ ಆಕ್ಷೇಪಕ್ಕೆ ಅರ್ಧ ಉತ್ತರ ಸಿಕ್ಕಂತೆ. ಶ್ರುತಿಯನ್ನು ಸೆಂಟ್ ಲೆಕ್ಕದಲ್ಲಿ ತಿದ್ದಿಕೊಳ್ಳುವ ಸೌಲಭ್ಯವಿದ್ದರೆ ಎರಡನೆಯದಕ್ಕೂ.

ಧ್ವನಿಗಳ ಸಂಖ್ಯೆಗೆ ಮರುಳಾಗಬಾರದು. ಅಗ್ಗದ ವಾದ್ಯಗಳಲ್ಲಿ ಒಂದೇ ನಾದವನ್ನು ಮುದ್ರಿಸಿ, ಅಕ್ಕಪಕ್ಕದ ಕೀಗಳಿಗೆ ಹಿಗ್ಗಿಸಿ ಕುಗ್ಗಿಸಿ ಹಂಚಿರುತ್ತಾರೆ. ಅಂಗಡಿಯಲ್ಲಿ ಒಂದೇ ಧ್ವನಿಯನ್ನು ಹಿಡಿದು ತಗ್ಗಿನಿಂದ ತಾರಕದವರೆಗೆ ಒಂದೊಂದೇ ಕೀ ಒತ್ತುತ್ತಾ ಹೋದರೆ ಆ ಹೊಲಿಗೆ ಕಿವಿಗೆ ಸಿಕ್ಕಿಬಿಡುತ್ತದೆ. ಧ್ವನಿಯನ್ನು ತಂತಿಯ ಮೂಲಕ ನೇರವಾಗಿ ಕಂಪ್ಯೂಟರಿಗೆ ಕಳಿಸುವ ದಾರಿ ಇರಬೇಕು. ಆಗ ಅಜ್ಜಿಯ ಕಂಠವೊಂದಕ್ಕೇ ಮೈಕು ಸಾಕು.

ಒಂದು ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ವಾದವಾಯಿತು. ಒಂದು ಹಾಡಿಗೆ ಹಿಂದೆ ಬಯಲಾಟದ ಮುಖವೀಣೆಯವರು ಜೊತೆ ಕೊಡುತ್ತಿದ್ದರಂತೆ. ಅದರ ಬದಲು 112ನೆಯ ಶಹನಾಯಿ ಸಾಕೆಂದು ಅವನ ವಾದ. ಎರಡೂ ಓಲಗದ ಜಾತಿಯ ವಾದ್ಯಗಳೇ, ನಿಜ. ಆದರೆ ಮುಖವೀಣೆಯವನು ಉಸಿರು ಕಟ್ಟಿ ಹಿಡಿದು ಹಾಡುಗಾರನಿಗೆ ಎದುರು ಕೊಡುವ ಪಟ್ಟು ಆ ಗುಂಡಿಯಲ್ಲಿಲ್ಲ. ಪಕ್ಕದ ಹಳ್ಳಿಯಲ್ಲಿ ಆ ವಾದ್ಯ ನುಡಿಸುವ ಮುದುಕರೊಬ್ಬರು ಇನ್ನೂ ಇದ್ದಾರೆಂದು ತಿಳಿದದ್ದರಿಂದ, ಕೀಬೋರ್ಡಿಗೆ ಮೊದಲು ಅವರನ್ನು ಕಾಣು ಎಂದೆ.

ಕಡೆಗೆ ಅವನು ಕೊಂಡದ್ದು 49 ಕೀಗಳ, ಬ್ಯಾಟರಿಯಲ್ಲೂ ನಡೆಯುವ ಒಂದು ಸಣ್ಣ ವಾದ್ಯ. ಅಜ್ಜಿ ಮೊದಲ ದಿನ ಕೇಳಿದ್ದು ಕಪ್ಪು ಎರಡರ ಶ್ರುತಿ. ಎರಡು ಹಾಡು ಮುಗಿಯುವಷ್ಟರಲ್ಲಿ ಕಪ್ಪು ಒಂದಕ್ಕೆ ಇಳಿಸೆಂದರಂತೆ. ಈವರೆಗೆ ಹನ್ನೊಂದು ಹಾಡುಗಳಾಗಿವೆ. ಮುಖವೀಣೆಯದು ಬಾಕಿ ಇದೆ.