ಶೆಲ್ಲು, ಬ್ಯಾಟ್ರಿ ಮತ್ತು ಒಂದು ಜೋಡಿ ಜಾಸ್ತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಕಡೆ ಮನೆಯ ಹಿರಿಯರು ‘ಬ್ಯಾಟ್ರಿ ತಗೊಂಡು ಬಾ’ ಎಂದರೆ ಇವತ್ತಿನ ಹುಡುಗರು ಪವರ್ ಬ್ಯಾಂಕ್ ಹುಡುಕುತ್ತಾರೆ. ಹಿರಿಯರು ಕೇಳಿದ್ದು ಟಾರ್ಚು. ಈ ಸೀಮೆಯಲ್ಲಿ ಟಾರ್ಚಿನ ಹೆಸರೇ ಬ್ಯಾಟ್ರಿ, ಅದರ ಹೊಟ್ಟೆಗೆ ಹಾಕುವುದು ಶೆಲ್ಲು. ಎರಡು ಶೆಲ್ಲಿನ ಬ್ಯಾಟ್ರಿ, ಮೂರು ಶೆಲ್ಲಿನ ಬ್ಯಾಟ್ರಿ ಎಂದು ಮನೆಯ ಅಂತಸ್ತನ್ನೂ ಅಳೆಯುತ್ತಿದ್ದ ಕಾಲವೊಂದಿತ್ತು. ಅದೇ ಹೆಸರು ಈಗ ಬೆಂಕಿಪೊಟ್ಟಣದಷ್ಟು ಗಾತ್ರದ, ಆ್ಯಕ್ಷನ್ ಕ್ಯಾಮೆರಾದ ಹಿಂಬದಿಗೆ ತೂರಿಸುವ ಒಂದು ಚೌಕಕ್ಕೆ ಅಂಟಿಕೊಂಡಿದೆ. ವಸ್ತು ಬದಲಾಯಿತು. ಅಂಗಡಿಯ ಕಟ್ಟೆಯ ಮೇಲೆ ಕೇಳುವ ಪ್ರಶ್ನೆ ಮಾತ್ರ ಹಳೆಯದೇ: ಇದು ಎಷ್ಟು ಹೊತ್ತು ಬರುತ್ತದೆ, ಅಸಲಿಯೋ ನಕಲಿಯೋ, ಇನ್ನೊಂದು ಜೋಡಿ ಇಟ್ಟುಕೊಳ್ಳಬೇಕೇ?

ಕೈಯಲ್ಲಿ ಹಿಡಿಯುವ ಬೆಳಕಲ್ಲದೆ, ಇಲ್ಲಿ ಬ್ಯಾಟರಿ ರೈಲಿನ ಹೊಟ್ಟೆಯ ಕೆಳಗೂ ಬಂತು. 1871ರ ಹೊತ್ತಿಗೆ ಸೊಲ್ಲಾಪುರದ ಕಡೆಯಿಂದ ರಾಯಚೂರಿನವರೆಗೆ ಹಳಿ ಬಿತ್ತು. ಶಹಾಬಾದ್ ಆ ದಾರಿಯ ಮೇಲಿದೆ. 1874ರಲ್ಲಿ ನಿಜಾಮ್ ಸಂಸ್ಥಾನದ ರೈಲು ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ಹೋಯಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಮೊದಮೊದಲು ಬೋಗಿಗಳಲ್ಲಿ ಎಣ್ಣೆ ದೀಪ. ಆಮೇಲೆ ವಿದ್ಯುತ್ ಬಂದಾಗ ಬೋಗಿಯ ಅಡಿಯಲ್ಲಿ ಸೀಸ-ಆಮ್ಲದ ಬ್ಯಾಟರಿಗಳ ಪೆಟ್ಟಿಗೆ ಕಟ್ಟಿದರು. ಗಾಲಿಯ ಅಚ್ಚಿಗೆ ಬೆಲ್ಟ್ ಹಾಕಿ ಡೈನಮೊ ತಿರುಗಿಸುವುದು, ರೈಲು ಓಡುವಾಗ ಬ್ಯಾಟರಿ ತುಂಬುವುದು, ನಿಲ್ದಾಣದಲ್ಲಿ ನಿಂತಾಗ ಅದೇ ಬ್ಯಾಟರಿಯಿಂದ ದೀಪ ಉರಿಯುವುದು, ಇದು ಆ ಏರ್ಪಾಡು. ಹಳೆಯ ಪ್ಯಾಸೆಂಜರ್ ಗಾಡಿಗಳು ವಾಡಿಯಲ್ಲಿ ತಾಸುಗಟ್ಟಲೆ ನಿಂತಾಗ ದೀಪ ಕೆಂಪಾಗಿ ಮಂಕಾಗುತ್ತಿದ್ದದ್ದು ಇದರಿಂದಲೇ. ತುಂಬುವ ದಾರಿ ಇಲ್ಲದಿದ್ದರೆ ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಸೋಲುತ್ತದೆ ಎಂದು ಈ ಸೀಮೆ ವಾಡಿಯ ನಿಲ್ದಾಣದಲ್ಲೇ ಕಂಡಿತ್ತು.

ಊರೊಳಗೆ ಮಾತ್ರ ಕಂದೀಲು, ಚಿಮಣಿ. ಲಗ್ನಕ್ಕೆ, ಬಯಲಾಟಕ್ಕೆ ಗ್ಯಾಸ್‌ಬತ್ತಿ.

ಒಣ ಶೆಲ್ಲು ಜರ್ಮನಿಯ ಕಾರ್ಲ್ ಗಾಸ್ನರ್ 1886ರಲ್ಲಿ ಪೇಟೆಂಟ್ ಪಡೆದ ವಸ್ತು. ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ್ದು ಗಾಜಿನ ಜಾಡಿಯ ಒದ್ದೆ ಬ್ಯಾಟರಿ, ಅಲ್ಲಾಡಿಸಿದರೆ ಚೆಲ್ಲುತ್ತಿತ್ತು. ಗಾಸ್ನರ್ ದ್ರವವನ್ನು ಗಟ್ಟಿ ಮಾಡಿ ಸತುವಿನ ಡಬ್ಬಿಯೊಳಗೆ ಮುಚ್ಚಿಟ್ಟ. ಹೊಲಕ್ಕೆ ಒಯ್ಯಬಹುದಾದ ವಿದ್ಯುತ್ತು ಅಲ್ಲಿಂದ ಶುರು. ಭಾರತದಲ್ಲಿ ಎವರೆಡಿ ಕಂಪನಿ 1934ರಲ್ಲಿ ಕಲ್ಕತ್ತೆಯಲ್ಲಿ ನೋಂದಣಿಯಾಯಿತು, ಮೊದಲು ಹೊರದೇಶದಿಂದ ತಂದು ಮಾರಿ, ಆ ದಶಕ ಮುಗಿಯುವಷ್ಟರಲ್ಲಿ ಅಲ್ಲೇ ಶೆಲ್ ಮಾಡತೊಡಗಿತು. ಒಂಬತ್ತರ ಅಂಕಿಯೊಳಗಿಂದ ಹಾರುವ ಬೆಕ್ಕಿನ ಚಿತ್ರ ಅಕ್ಷರ ಬಾರದವರಿಗೂ ಗುರುತಾದದ್ದು ಹೀಗೆ. ಎಪ್ಪತ್ತರ ದಶಕದಲ್ಲಿ ನೆಲ್ಲೂರಿನ ನಿಪ್ಪೊ ಕಟ್ಟೆಗೆ ಬಂತು. ಒಂದು ಮಾತು ಇಲ್ಲಿ ಹೇಳಿಬಿಡಬೇಕು: 1984ರಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದ ಯೂನಿಯನ್ ಕಾರ್ಬೈಡ್ ಇಂಡಿಯಾ ಕಂಪನಿಯೇ ಆಗ ಎವರೆಡಿ ಶೆಲ್ಲುಗಳ ಒಡೆಯ. ಬೆಕ್ಕಿನ ಗುರುತು ನೋಡಿ ಕೊಂಡವರಲ್ಲಿ ಹೆಚ್ಚಿನವರಿಗೆ ಆ ನಂಟು ತಿಳಿದಿರಲಿಲ್ಲ. 1994ರಲ್ಲಿ ಕಂಪನಿ ಕೈಬದಲಾಗಿ, ಆಮೇಲೆ ಎವರೆಡಿ ಇಂಡಸ್ಟ್ರೀಸ್ ಆಯಿತು.

ಶೆಲ್ಲಿನ ಒಳಗೇನಿದೆ ಎಂದು ತಿಳಿಯಲು ಪಾಠದ ಪುಸ್ತಕ ಬೇಕಿರಲಿಲ್ಲ. ಸತ್ತ ಶೆಲ್ಲು ಮಕ್ಕಳ ಪಾಲು. ಮೇಲಿನ ಹಾಳೆ ಸುಲಿದು, ಕಲ್ಲಿನಿಂದ ಜಜ್ಜಿದರೆ ಕರಿ ಪುಡಿ ಸುರಿಯುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡು ಮತ್ತು ಇಂಗಾಲ. ನಡುವೆ ಹಿತ್ತಾಳೆಯ ಟೊಪ್ಪಿಗೆ ಹಾಕಿಕೊಂಡ ಇಂಗಾಲದ ಕಡ್ಡಿ. ಅದರಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಮೇಲೆ ಬರೆದರೆ ಕರಿ ಗೀರು ಮೂಡುತ್ತದೆ. ಶಹಾಬಾದಿ ಕಲ್ಲು ಹಾಸಿದ ಎಷ್ಟೋ ಕಟ್ಟೆಗಳ ಮೇಲೆ ಮಕ್ಕಳ ಚೌಕಾಬಾರದ ಮನೆಗಳನ್ನು ಬರೆದದ್ದು ಇಂಥ ಕಡ್ಡಿ. ಹೊರಗಿನ ಸತುವಿನ ಡಬ್ಬಿಯೇ ಈ ಬ್ಯಾಟರಿಯ ಉರುವಲು. ಬಳಸಿದಷ್ಟೂ ಅದು ತೆಳುವಾಗುತ್ತದೆ, ಕೊನೆಗೆ ತೂತು ಬಿದ್ದು ಒಳಗಿನ ಅಂಟು ಹೊರಗೆ ಬರುತ್ತದೆ. ಮಳೆಗಾಲ ಪೂರ್ತಿ ಗೂಡಿನಲ್ಲಿ ಬಿಟ್ಟ ಹಿತ್ತಾಳೆ ಬ್ಯಾಟ್ರಿಯ ಸ್ಪ್ರಿಂಗಿಗೆ ಹಸಿರು ಜಂಗು ಹಿಡಿಯುವುದು ಆ ಅಂಟಿನಿಂದ.

ಇನ್ನು ಬಿಸಿಲಿಗಿಡುವ ಪದ್ಧತಿ. ಬೆಳಕು ಹಳದಿಯಾಯಿತೆಂದರೆ ಶೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಸಾಲಾಗಿ ಇಡುವುದು, ಸಂಜೆ ಮತ್ತೆ ಹಾಕುವುದು. ಕೆಲವರು ಹಲ್ಲಿನಿಂದ ಕಚ್ಚಿ ನೆಗ್ಗಿಸುತ್ತಿದ್ದರು. ಓದಿದವರು ನಕ್ಕರೂ ಬಿಸಿಲಿಗಿಡುವುದರಲ್ಲಿ ಹುರುಳಿತ್ತು. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಒಳತಡೆ ಇಳಿಯುತ್ತದೆ. ಉಳಿದ ಚೂರುಪಾರು ಶಕ್ತಿ ಹೊರಬರುತ್ತದೆ. ಹೊಸ ಶಕ್ತಿ ಹುಟ್ಟುವುದಿಲ್ಲ, ಇದ್ದದ್ದು ಸಿಗುತ್ತದೆ ಅಷ್ಟೆ. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ಈ ನೆಲದಲ್ಲಿ ಬಿಸಿಲಿಗೆ ಬರವೇ? ಆದರೆ ಇದೇ ರೂಢಿಯನ್ನು ಲಿಥಿಯಂ ಬ್ಯಾಟರಿಗೆ ಒಗ್ಗಿಸಿದರೆ ಅನಾಹುತ. ಆ ಮಾತು ಮುಂದೆ.

ಶೆಲ್ಲಿನ ಖರ್ಚು ಏರಿದ್ದು ರೇಡಿಯೊದಿಂದ. ಟಾರ್ಚು ರಾತ್ರಿ ನಾಲ್ಕು ಸಲ ಹೊತ್ತಿ ಆರುವ ವಸ್ತು, ರೇಡಿಯೊ ಗಂಟೆಗಟ್ಟಲೆ ಕುಡಿಯುವ ವಸ್ತು. ವಾಲ್ವ್ ರೇಡಿಯೊದ ದಿನಗಳಲ್ಲಿ ಕರೆಂಟಿಲ್ಲದ ಊರಿಗೆ ಇಟ್ಟಿಗೆಯಂಥ ಒಣ ಬ್ಯಾಟರಿ ಹೊತ್ತು ತರಬೇಕಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಎರಡೋ ನಾಲ್ಕೋ ಶೆಲ್ಲು ಸಾಕಾಯಿತು. 1966ರಲ್ಲಿ ಇಂದಿನ ಕಲಬುರಗಿಯಾದ ಗುಲ್ಬರ್ಗದಲ್ಲಿ ಆಕಾಶವಾಣಿ ಕೇಂದ್ರ ಶುರುವಾದಾಗ ತೊಗರಿ ಹೊಲದ ಬದುವಿನವರೆಗೂ ತಮ್ಮ ಮಾತಿನ ದನಿ ಕೇಳಿಬಂತು. ಚರ್ಮದ ಕವಚ ತೊಡಿಸಿದ ಟ್ರಾನ್ಸಿಸ್ಟರ್ ಹೆಗಲಿಗೇರಿತು, ಮನೆಯ ಲೆಕ್ಕದಲ್ಲಿ ಶೆಲ್ಲಿಗೆ ಬೇರೆ ಗೆರೆ ಬಿತ್ತು. ರೇಡಿಯೊಕ್ಕೆ ಹೊಸ ಶೆಲ್ಲು, ಅಲ್ಲಿ ಸೋತದ್ದು ಬ್ಯಾಟ್ರಿಗೆ, ಬ್ಯಾಟ್ರಿಯಲ್ಲೂ ಸೋತದ್ದು ಗೋಡೆ ಗಡಿಯಾರಕ್ಕೆ: ಒಂದೇ ಶೆಲ್ಲು ಮೂರು ಮನೆ ತಿರುಗುತ್ತಿತ್ತು. ಇಂಥ ಜಿಪುಣತನಕ್ಕೆ ವಿಜ್ಞಾನದ ಸಮ್ಮತಿಯೂ ಇದೆ, ಗಡಿಯಾರಕ್ಕೆ ಬೇಕಾದ ಕರೆಂಟು ತೀರ ಕಡಿಮೆ. ಗಾತ್ರ ಹೊಂದಿದರೆ ಸರಿ.

ಶಹಾಬಾದ್ ಮತ್ತು ವಾಡಿಯ ಕಥೆ ಸ್ವಲ್ಪ ಬೇರೆ. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯೊಳಗೆ ಸೇರಿತು, 60ರ ದಶಕದ ಕೊನೆಗೆ ವಾಡಿಯಲ್ಲೂ ಎಸಿಸಿ ಕಾರ್ಖಾನೆ ಎದ್ದಿತು, 80ರ ದಶಕದಲ್ಲಿ ಮಳಖೇಡ ಮತ್ತು ಸೇಡಮ್ಮಿನ ಸರದಿ. ಕಂಪನಿ ಕಾಲೊನಿಯಲ್ಲಿ ಕರೆಂಟು, ಆಚೆ ಹಳ್ಳಿಯಲ್ಲಿ ಕತ್ತಲು. ಕಾರ್ಖಾನೆಯ ಭೋಂಗಾ ಕೂಗಿದಾಗ ಪಾಳಿ ಮುಗಿಸಿ ಸೈಕಲ್ ಹತ್ತುವವರಿಗೆ ಬ್ಯಾಟ್ರಿ ಬೇಕೇ ಬೇಕು. ತಿಂಗಳ ಸಂಬಳ ಕಂಡ ಮನೆಗಳಲ್ಲೇ ಟೇಪ್ ರೆಕಾರ್ಡರ್, ಅದನ್ನು ಗೋಡೆಯ ಕರೆಂಟಿನಿಂದ ನಡೆಸುವ ‘ಎಲಿಮಿನೇಟರ್’ ಮೊದಲು ಕಾಣಿಸಿದ್ದು. ಶೆಲ್ಲಿನ ಖರ್ಚನ್ನೇ ಅಳಿಸಿಹಾಕುತ್ತದೆ ಎಂಬ ಅರ್ಥದ ಹೆಸರು. ಇವತ್ತಿನ ಚಾರ್ಜರುಗಳ ದೊಡ್ಡಪ್ಪ ಅದು.

ಕ್ಯಾಮೆರಾಕ್ಕೂ ಬ್ಯಾಟರಿಗೂ ನಂಟು ಬೆಳೆದದ್ದು ಲಗ್ನದ ಹಂದರದಲ್ಲಿ. ಹೆಗಲ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾಗಳಿಗೆ 12 ವೋಲ್ಟಿನ ಸೀಸ-ಆಮ್ಲದ ಗಟ್ಟಿ ಇಟ್ಟಿಗೆ. ಅಕ್ಷತೆ ಬೀಳುವ ಗಳಿಗೆಗೆ ಸರಿಯಾಗಿ ಅದು ಕೈಕೊಟ್ಟರೆ ಶೂಟಿಂಗಿನವನಿಗೆ ಬೈಗುಳವೇ ಆಹೇರಿ. ಹಾಗಾಗಿ ಒಂದು ಕ್ಯಾಮೆರಾದಲ್ಲಿ, ಒಂದು ಚಾರ್ಜಿಗೆ, ಒಂದು ಚೀಲದಲ್ಲಿ ಎಂಬ ಮೂರು ಬ್ಯಾಟರಿಯ ಶಿಸ್ತು ಆ ಕಸುಬಿನಲ್ಲಿ ತಾನಾಗಿ ಬೆಳೆಯಿತು. ಸೋನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ತೂಕ ಇಳಿಯಿತು. ಆ ಬ್ಯಾಟರಿಯ ಹಿಂದಿನ ದುಡಿಮೆಗೆ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೊಶಿನೊ 2019ರ ನೊಬೆಲ್ ಪಡೆದರು. ಸೋನಿಯ 7.2 ವೋಲ್ಟಿನ ಎನ್‌ಪಿ-ಎಫ್ ಸಾಲಿನ ಬ್ಯಾಟರಿಗೆ ಎಷ್ಟು ನಕಲು ಹುಟ್ಟಿದವೆಂದರೆ ಈಗ ಕ್ಯಾಮೆರಾಕ್ಕಿಂತ ಲಗ್ನದ ಎಲ್‌ಇಡಿ ಲೈಟುಗಳಲ್ಲೇ ಅವು ಹೆಚ್ಚು ಕಾಣುತ್ತವೆ. ಅಗ್ಗದ ಬದಲಿ ಬ್ಯಾಟರಿ ಎಂಬ ವ್ಯಾಪಾರಕ್ಕೆ ಊರೂರಿನ ಫೋಟೊ ಸ್ಟುಡಿಯೊಗಳೇ ಮೊದಲ ಗಿರಾಕಿ.

ಆ್ಯಕ್ಷನ್ ಕ್ಯಾಮೆರಾ ಈ ಸಾಲಿನ ಕೊನೆಯ ಕೂಸು. ನಿಕ್ ವುಡ್‌ಮನ್ ಕಟ್ಟಿದ ಗೋಪ್ರೊ 2004ರಲ್ಲಿ ಮಾರಿದ್ದು ಮಣಿಕಟ್ಟಿಗೆ ಕಟ್ಟುವ ಫಿಲ್ಮ್ ಕ್ಯಾಮೆರಾ. ಬ್ಯಾಟರಿ ತಿನ್ನುವ ಎಚ್‌ಡಿ ಹೀರೊ ಬಂದದ್ದು 2009ರಲ್ಲಿ. ಅದರ ಬ್ಯಾಟರಿಯ ಸಾಮರ್ಥ್ಯ 1100 ಎಂಎಎಚ್ ಇತ್ತು, ಹೀರೊ 5ರಲ್ಲಿ 1220, ಹೀರೊ 9ರಲ್ಲಿ 1720, 2024ರ ಹೀರೊ 13ರಲ್ಲಿ 1900. ಬ್ಯಾಟರಿ ಹಿಗ್ಗಿತು, ಚಿತ್ರದ ಸೂಕ್ಷ್ಮತೆ ಅದಕ್ಕಿಂತ ಬೇಗ ಹಿಗ್ಗಿತು, ಹೀಗಾಗಿ ಹೆಚ್ಚಿನ ಸೂಕ್ಷ್ಮತೆಯಲ್ಲಿ ಒಂದು ಬ್ಯಾಟರಿ ಇಂದಿಗೂ ಗಂಟೆ, ಒಂದೂವರೆ ಗಂಟೆಯ ಆಸುಪಾಸಿನಲ್ಲೇ ಸೋಲುತ್ತದೆ. ಕಾಗಿಣಾ ನದಿ ದಂಡೆಯ ಮಳಖೇಡದ ಕೋಟೆ ಸುತ್ತಲು, ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ತೋರಿಸಲು ಅಷ್ಟು ಹೊತ್ತು ಸಾಲದು. ಚಿಂಚೋಳಿಯದು ಇನ್ನೂ ಕಷ್ಟ. 2011ರಲ್ಲಿ ವನ್ಯಧಾಮವಾದ ಆ ಕಾಡಿನಲ್ಲಿ, ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ, ಎತ್ತಿಪೋತದ ಬಂಡೆಯ ಮೇಲೆ ಪ್ಲಗ್ಗು ಎಲ್ಲಿಂದ ಬರಬೇಕು?

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹೊಂದಾಣಿಕೆ. ಹೀರೊ 5, 6, 7ಕ್ಕೆ ಒಂದೇ ಬ್ಯಾಟರಿ. ಹೀರೊ 8ರದು ನೋಡಲು ಅದೇ ಆಕಾರ, ಆದರೆ ಹಳೆಯದನ್ನು ಹಾಕಿದರೆ ಪೂರ್ತಿ ಕೆಲಸ ಮಾಡದು. 9ರಿಂದ 12ರವರೆಗೆ ಒಂದು ಬಳಗ, 13 ಬೇರೆ. ಡಿಜೆಐ ಆಸ್ಮೊ ಆ್ಯಕ್ಷನ್ 3, 4, 5 ಪ್ರೊ ಕ್ಯಾಮೆರಾಗಳು ಒಂದರ ಬ್ಯಾಟರಿಯನ್ನು ಇನ್ನೊಂದು ಬಳಸುತ್ತವೆ. ಅಗ್ಗದ ಎಸ್‌ಜೆ4000 ಕ್ಯಾಮೆರಾಕ್ಕೆ 900 ಎಂಎಎಚ್‌ನದು, ಕಡಿಮೆ ಬೆಲೆಗೆ ಸುಲಭವಾಗಿ ಸಿಗುತ್ತದೆ. ಬೇರೆ ಕಂಪನಿಯ ಬ್ಯಾಟರಿ ಮೂಲ ಕಂಪನಿಯದರ ಅರ್ಧ ಬೆಲೆಗೂ ಕಡಿಮೆಗೆ ಸಿಗಬಹುದು. ಕೆಲವು ಕ್ಯಾಮೆರಾಗಳು ಅದನ್ನು ಕಂಡು ಪರದೆಯ ಮೇಲೆ ತಕರಾರು ತೆಗೆಯುತ್ತವೆ, ಆದರೂ ಓಡುತ್ತವೆ. ಗೋಪ್ರೊದ ಬಿಳಿ ‘ಎಂಡ್ಯೂರೊ’ ಬ್ಯಾಟರಿ ಮುಖ್ಯವಾಗಿ ಚಳಿಯಲ್ಲೂ ಬಾಳಲಿ ಎಂದು ಮಾಡಿದ್ದು. ಸೇಡಮ್ಮಿನವರ ಕಾಟ ಚಳಿಯದ್ದಲ್ಲ.

ಮೈಮೇಲೆ ಬರೆದ ಅಂಕಿಯನ್ನು ನಂಬಬಾರದು. ಚಾರ್ಜಾಗುವ ಚೀನೀ ಟಾರ್ಚುಗಳ 18650 ಶೆಲ್ಲಿನ ಮೇಲೆ 9900 ಎಂಎಎಚ್ ಎಂದು ಅಚ್ಚು ಹಾಕಿ ಮಾರುತ್ತಾರೆ. 18 ಮಿಲಿಮೀಟರ್ ಅಗಲ, 65 ಉದ್ದದ ಆ ಗಾತ್ರದಲ್ಲಿ ಒಳ್ಳೆಯ ಕಂಪನಿಗಳೂ 3500ರ ಸುತ್ತಮುತ್ತಲೇ ನಿಂತಿವೆ. ಕ್ಯಾಮೆರಾದ ಬ್ಯಾಟರಿಗೂ ಇದೇ ನ್ಯಾಯ: ಅದೇ ಗಾತ್ರದಲ್ಲಿ ಮೂಲದ್ದಕ್ಕಿಂತ ಒಂದೂವರೆ ಪಟ್ಟು ಬರೆದಿದ್ದರೆ ಅದು ಸುಳ್ಳು. ಅಂಗೈಯಲ್ಲಿಟ್ಟು ತೂಗಿದರೆ ನಕಲಿ ಹಗುರವಾಗಿರುವುದೂ ಉಂಟು. ಭಾರತದಲ್ಲಿ ಇಂಥ ಬ್ಯಾಟರಿಗೆ ಐಎಸ್ 16046 ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಕಡ್ಡಾಯ. ಅದಿಲ್ಲದ್ದನ್ನು ಕಟ್ಟೆಯ ಮೇಲೆಯೇ ಬಿಟ್ಟು ಬರುವುದು ಮೇಲು. ಆಮೇಲೆ ಟಾರ್ಚಿನ ಕಾಲದ ಪರೀಕ್ಷೆ: ಮೂಲ ಬ್ಯಾಟರಿ, ಹೊಸ ಬ್ಯಾಟರಿ ಎರಡನ್ನೂ ತುಂಬಿಸಿ, ಒಂದೇ ಸೆಟ್ಟಿಂಗಿನಲ್ಲಿ, ಒಂದೇ ಕೋಣೆಯಲ್ಲಿ ಆರುವವರೆಗೆ ರೆಕಾರ್ಡ್ ಮಾಡಿ ಗಡಿಯಾರ ನೋಡುವುದು. ಮೂಲದ್ದು 60 ನಿಮಿಷ ಓಡಿ, ಅರ್ಧ ಬೆಲೆಯದು 50 ಓಡಿದರೆ ವ್ಯಾಪಾರ ಗೆದ್ದಂತೆ. 30ಕ್ಕೆ ನಿಂತರೆ ಹಿಂದಕ್ಕೆ ಕೊಡಬೇಕು.

ಚಾರ್ಜರಿನಲ್ಲಿ ದುಡ್ಡು ಉಳಿಸುವುದಕ್ಕಿಂತ ಬ್ಯಾಟರಿಯಲ್ಲಿ ಉಳಿಸುವುದು ಲೇಸು. ಒಳ್ಳೆಯ ಚಾರ್ಜರು ಪ್ರತಿ ಬ್ಯಾಟರಿಯನ್ನೂ ಬೇರೆಬೇರೆಯಾಗಿ ಅಳೆದು, ತುಂಬಿದಾಗ ತಾನೇ ನಿಲ್ಲಿಸುತ್ತದೆ. ಕೆಟ್ಟದ್ದಕ್ಕೆ ಆ ವಿವೇಕವಿಲ್ಲ. ಯುಎಸ್‌ಬಿಯಿಂದ ನಡೆಯುವಂಥದ್ದಾದರೆ ಪವರ್ ಬ್ಯಾಂಕಿಗೂ ಸಿಕ್ಕಿಸಬಹುದು, ಚಿಂಚೋಳಿಯ ಕಾಡಿಗೂ ಒಯ್ಯಬಹುದು. ಕರೆಂಟು ಹೋಗಿಬರುವ ಊರಿನಲ್ಲಿ ರಾತ್ರಿಯಿಡೀ ಸಿಕ್ಕಿಸಿ ಮಲಗುವುದಕ್ಕಿಂತ ಎದ್ದಿರುವಾಗಲೇ ತುಂಬಿಸಿಕೊಳ್ಳುವುದು ಒಳ್ಳೆಯದು.

ಬಿಸಿಲಿನ ಮಾತು ಬಾಕಿ ಇತ್ತು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದ ಶಾಖದಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ಶಹಾಬಾದಿನ ಗಣಿಯ ಪಕ್ಕ ನಿಲ್ಲಿಸಿದ ಕಾರಿನೊಳಗೆ ಶಾಖ ಅದನ್ನು ಸುಲಭವಾಗಿ ಮೀರುತ್ತದೆ. ಅಲ್ಲಿ ಬಿಟ್ಟ ಬ್ಯಾಟರಿ ಉಬ್ಬಬಹುದು, ಉಬ್ಬಿದ್ದು ಕ್ಯಾಮೆರಾದ ಗೂಡಿನಲ್ಲಿ ಸಿಕ್ಕಿಕೊಂಡರೆ ಹೊರಗೆ ಬರುವುದಿಲ್ಲ. ಹಾಸಿಗೆ, ಕೌದಿಯ ಮೇಲೆ ಚಾರ್ಜಿಗೆ ಇಡುವುದೂ ತಪ್ಪು. ಈ ಸೀಮೆಯ ಹೆಚ್ಚಿನ ಮನೆಗಳ ನೆಲ ಫರ್ಸಿ; ನೆರಳಿನಲ್ಲಿ ಅದು ತಂಪಾಗಿದ್ದು ಶಾಖವನ್ನು ಎಳೆದುಕೊಳ್ಳುತ್ತದೆ. ಚಾರ್ಜರಿಗೆ ಅದಕ್ಕಿಂತ ಒಳ್ಳೆಯ ಮಣೆ ದುಡ್ಡು ಕೊಟ್ಟರೂ ಸಿಗದು.

ಉಬ್ಬಿದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದು, ಮಕ್ಕಳ ಕೈಗೆ ಕೊಡುವುದು ಬೇಡ. ಜಜ್ಜಿದರೆ ಇದರಿಂದ ಕರಿ ಪುಡಿ ಬರುವುದಿಲ್ಲ, ಬೆಂಕಿ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯದನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಮಾಡುವುದು ತಯಾರಕರ ಹೊಣೆ, ಕೊಂಡ ಅಂಗಡಿಯಲ್ಲಿ ಕೇಳಿ ನೋಡಬಹುದು. ಉಳಿದಂತೆ ಗೋಪ್ರೊದಂಥ ಕ್ಯಾಮೆರಾಕ್ಕೆ ಜೊತೆಗೆ ಬಂದ ಒಂದು, ಬದಲಿ ಎರಡು, ಎರಡು ಗೂಡಿನ ಯುಎಸ್‌ಬಿ ಚಾರ್ಜರು ಒಂದು, ಇಷ್ಟಿದ್ದರೆ ಸಾಕು. ಬ್ಯಾಟರಿಗಳ ಮೇಲೆ ಕೊಂಡ ತಿಂಗಳನ್ನು ಪೆನ್ನಿನಿಂದ ಬರೆದಿಟ್ಟುಕೊಳ್ಳಿ.